ಅಕ್ಕ ಕೇಳಿದರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮೂರನೇ ತರಗತಿಯ ಮಕ್ಕಳಿಗೆಲ್ಲ ಗೊತ್ತು. ಆ ಗುರುವಾರವಂತೂ ಅದು ಮೂಗಿನಿಂದ ಇಳಿದು ಕಾಲಿಗೆ ಬಂದಿತ್ತು. ಶಾಲೆ ಬಿಟ್ಟವಳೇ ಬಿರಬಿರನೆ ನಡೆದು ಶರ್ಟು ಹೊಲಿಯುವ ಶೆಡ್ಡಿಗೆ ಹೊರಟಿದ್ದೆ. ಮೂರು ಸಲ ಚೀಟಿ ಕಳಿಸಿದರೂ ಬಾರದ ತಾಯಿಯೊಬ್ಬಳಿಗೆ ನಾಲ್ಕು ಮಾತು ಆಡಿಯೇ ಬರಬೇಕೆಂಬ ಹಠ.

ಆಕೆಯ ಇಬ್ಬರು ಹೆಣ್ಣುಮಕ್ಕಳೂ ನನ್ನ ತರಗತಿಯಲ್ಲೇ ಇದ್ದರು. ಕೆಲಸ ಹುಡುಕಿಕೊಂಡು ಊರು ಬದಲಾಯಿಸುವ ಗಲಾಟೆಯಲ್ಲಿ ದೊಡ್ಡವಳಿಗೆ ಒಂದು ವರ್ಷ ತಪ್ಪಿಹೋಗಿ, ತಂಗಿಯ ಪಕ್ಕದಲ್ಲೇ ಕೂರುವಂತಾಗಿತ್ತು. ತಂಗಿ ಕರೆಯುವುದನ್ನು ಕೇಳಿ ಕೇಳಿ ಇಡೀ ತರಗತಿಗೆ ಅವಳು ಅಕ್ಕ. ಚಿಕ್ಕವಳು ಹುಟ್ಟುವಾಗಲೇ ಪುಟಾಣಿ, ಹಾಗಾಗಿ ಎಲ್ಲರಿಗೂ ಅವಳು ಸಾಸಿವೆ.

ಅಕ್ಕ ಓದಿನಲ್ಲಿ ನಿಧಾನ, ಆದರೂ ಕೇಳಿದ್ದಕ್ಕೆ ಸರಿಯೋ ತಪ್ಪೋ ಏನಾದರೊಂದು ಹೇಳುತ್ತಿದ್ದಳು. ಸಾಸಿವೆ ಮಾತ್ರ ಅಕ್ಕ ಹೇಳುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಕ್ಕ ಹೇಳಿದ ಮೇಲೆ ಅದನ್ನೇ ಗಿಳಿಯಂತೆ ಒಪ್ಪಿಸುತ್ತಿದ್ದಳು. ಅಕ್ಕನನ್ನು ಹೊರಗೆ ಕಳಿಸಿ ಕೇಳಿದರೆ ಬಾಗಿಲು ನೋಡುತ್ತಾ ನಿಲ್ಲುತ್ತಿದ್ದಳು. ಅಕ್ಕನ ಪುಸ್ತಕದಲ್ಲಿ ಎಲ್ಲೆಲ್ಲಿ ತಪ್ಪೋ ತಂಗಿಯದರಲ್ಲೂ ಅಲ್ಲಲ್ಲೇ ತಪ್ಪು. ನಕಲು ಹೊಡೆಯುತ್ತಾಳೆ, ತಲೆಗೆ ಏನೂ ಹತ್ತಿಲ್ಲ ಎಂದು ನಾನೇ ವರದಿ ಬರೆದಿದ್ದೆ. ಮರುದಿನ, ಶುಕ್ರವಾರ, ಹೆಡ್‌ಮಾಸ್ತರು ಬಂದು ಬಾಯಿಮಾತಿನಲ್ಲೇ ಪ್ರಶ್ನೆ ಕೇಳಿ ಅವಳನ್ನು ಪರೀಕ್ಷಿಸುವವರಿದ್ದರು. ಉತ್ತರ ಬರದಿದ್ದರೆ ಸಾಸಿವೆ ಎರಡನೇ ತರಗತಿಗೆ ವಾಪಸ್ಸು.

ಶೆಡ್ಡಿನೊಳಗೆ ಮಾಡಿನ ತಗಡು ಕಾದು ಸೆಕೆಯೋ ಸೆಕೆ. ಶರ್ಟುಗಳ ರಾಶಿಯ ನಡುವೆ ತಾಯಿ ಗುಂಡಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಆಕೆಯ ಅಕ್ಕ, ಅಂದರೆ ಮಕ್ಕಳ ದೊಡ್ಡಮ್ಮ, ಹೆಚ್ಚುವರಿ ದಾರ ಕತ್ತರಿಸುತ್ತಿದ್ದಳು.

"ಚೀಟಿ ಕಳಿಸಿದ್ರೂ ಯಾಕಮ್ಮ ಬರ್ಲಿಲ್ಲ?" ಎಂದೆ.

ತಾಯಿ ತಲೆಯೆತ್ತಿ ತನ್ನ ಅಕ್ಕನನ್ನು ನೋಡಿದಳು.

"ನಾನು ಕೇಳಿದ್ದು ನಿಮ್ಮನ್ನ!"

ಆಗಲೂ ಆಕೆಯ ಕಣ್ಣು ಅಕ್ಕನ ಮೇಲೇ ಇತ್ತು. ಸೂಜಿ ಅರ್ಧಕ್ಕೇ ನಿಂತಿತ್ತು.

"ಹೇಳೇ, ಟೀಚರ್ ಕೇಳ್ತಿದಾರಲ್ಲ," ಎಂದಳು ದೊಡ್ಡಮ್ಮ.

ನಲ್ಲಿ ತಿರುಗಿಸಿದಂತೆ ಮಾತು ಶುರುವಾಯಿತು. "ಕೆಲಸ ಬಿಟ್ಟು ಬಂದ್ರೆ ಆ ದಿನದ ಕೂಲಿ ಹೋಗತ್ತೆ ಟೀಚರ್, ಅದಕ್ಕೇ ಬರ್ಲಿಲ್ಲ. ಸಾಸಿವೆಗೆ ಓದು ಬರಲ್ಲ ಅಂತ ಬರೆದಿದ್ರಿ. ಬರಲ್ಲ ಅಂದ್ಮೇಲೆ ಹಿಂದಿನ ಕ್ಲಾಸಲ್ಲಿ ಕೂರ್ಸೋದ್ಯಾಕೆ, ಇಲ್ಲಿಗೇ ಕರ್ಕೊಂಡು ಬರ್ತೀನಿ. ಆದ್ರೆ ಒಂದು ಅರ್ಥ ಆಗ್ತಿಲ್ಲ. ಮನೇಲಿ ಅವಳಕ್ಕ 'ಹನ್ನೆರಡು ಶರ್ಟಿಗೆ ಎಷ್ಟು ಗುಂಡಿ ಬೇಕೇ' ಅಂತ ಕೇಳಿದ್ರೆ ಥಟ್ಟಂತ ಹೇಳ್ತಾಳಲ್ಲ!"

ನಾನು ಒಮ್ಮೆ ತಾಯಿಯನ್ನೂ ಒಮ್ಮೆ ದೊಡ್ಡಮ್ಮನನ್ನೂ ನೋಡಿದೆ. ಮೂವತ್ತು ದಾಟಿದ ಹೆಂಗಸು ಅಕ್ಕನ ಅಪ್ಪಣೆಗೆ ಕಾದಿದ್ದು ನನ್ನ ಕಣ್ಣೆದುರೇ ನಡೆದಿತ್ತು.

"ನಮ್ಮಲ್ಲಿ ಹಂಗೇ," ಎಂದಳು ದೊಡ್ಡಮ್ಮ. "ದೊಡ್ಡವರಿಗಿಂತ ಮುಂಚೆ ಚಿಕ್ಕವರು ಬಾಯಿ ಬಿಡಲ್ಲ. ದೊಡ್ಡವರು ಹೇಳಿದ್ದು ತಪ್ಪಾದ್ರೂ ನಾಲ್ಕು ಜನರ ಮುಂದೆ ಎತ್ತಿ ಆಡಲ್ಲ."

ಅಲ್ಲಿಗೆ ನನ್ನ ಜಂಬವೆಲ್ಲ ಇಳಿಯಿತು. ಹುಡುಗಿ ನಕಲು ಹೊಡೆದಿರಲಿಲ್ಲ. ಅಕ್ಕನೊಬ್ಬಳೇ ದಡ್ಡಿ ಅನ್ನಿಸಿಕೊಳ್ಳಬಾರದೆಂದು ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಬರೆದಿದ್ದಳು. ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಅದನ್ನು ದಡ್ಡತನ ಎಂದು ಬರೆದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಬೈಯಲು ಬಂದವಳು ಶರ್ಟಿನ ರಾಶಿಯ ಪಕ್ಕ ಕೂತುಬಿಟ್ಟೆ.

"ಈಗೇನ್ಮಾಡ್ಲಿ? ಈ ಪದ್ಧತಿ ಬಿಟ್ಬಿಡು ಅಂತ ಸಾಸಿವೆಗೆ ಹೇಳ್ಲಾ?"

"ಬಿಡ್ಸೋದ್ಯಾಕೆ ಟೀಚರ್?" ದೊಡ್ಡಮ್ಮನಿಗೆ ನನ್ನ ದಡ್ಡತನ ಕಂಡು ನಗು ಬಂತು. "ಅಕ್ಕ ಕೇಳಿದ್ರೆ ಸಾಸಿವೆ ಹೇಳ್ಲೇಬೇಕಲ್ಲ!"

ಶುಕ್ರವಾರ ಹೆಡ್‌ಮಾಸ್ತರು ಕೇಳಲೆಂದು ತಂದಿದ್ದ ಪ್ರಶ್ನೆಗಳ ಕಾಗದವನ್ನು ನಾನು ಅಕ್ಕನ ಕೈಗೆ ಕೊಟ್ಟೆ. ಹೆಡ್‌ಮಾಸ್ತರು ಹುಬ್ಬು ಗಂಟಿಕ್ಕಿದರು. "ಇದೇನ್ರೀ ಹೊಸ ನಾಟಕ?"

"ಹತ್ತೇ ನಿಮಿಷ ಸುಮ್ನೆ ಕೂತ್ಕೊಳ್ಳಿ ಸಾರ್. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಅಕ್ಕ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಮೊದಲ ಪ್ರಶ್ನೆ ಓದಿದಳು. ಕೊನೆಯ ಪದ ಅವಳ ಬಾಯಿಂದ ಬಿದ್ದದ್ದೇ ತಡ, ಸಾಸಿವೆ ಉತ್ತರ ಹೇಳಿದಳು. ಸಣ್ಣ ದನಿ, ಆದರೆ ಸ್ಪಷ್ಟ. ಎರಡನೆಯದಕ್ಕೂ ಹಾಗೇ. ಮೂರನೆಯದರಲ್ಲಿ 'ವ್ಯತ್ಯಾಸ' ಎಂಬಲ್ಲಿ ಅಕ್ಕ ಸಿಕ್ಕಿಕೊಂಡಳು. ಹೆಡ್‌ಮಾಸ್ತರು ಬಾಯಿ ಹಾಕಲು ಹೊರಟರು. ನಾನು ಕೈ ಅಡ್ಡ ಹಿಡಿದೆ. ಆ ಪದ ಸಾಸಿವೆಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಕೈ ಕಟ್ಟಿಕೊಂಡು ಕಾದಳು. ಅಕ್ಕ ಎರಡು ಸಲ ಎಡವಿ ಮೂರನೇ ಸಲಕ್ಕೆ ಓದಿದಳು. ಉತ್ತರ ಬಂತು.

ಐದು ಪ್ರಶ್ನೆಗೆ ಐದೂ ಸರಿ.

"ಮೂರನೇ ಕ್ಲಾಸಲ್ಲೇ ಇರ್ಲಿ ಬಿಡಿ," ಎಂದು ಹೆಡ್‌ಮಾಸ್ತರು ನನ್ನ ವರದಿಯ ಮೇಲೆ ಅಡ್ಡಗೆರೆ ಎಳೆದರು. ನನಗೆ ಹೋದ ಜೀವ ಬಂದಂತಾಯಿತು. ಹಿಂದಿನ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ಈಗ ಅಲ್ಲೇ ಬೆಂಚಿನ ಮೇಲೆ ಮಲಗಿಬಿಡೋಣ ಅನ್ನಿಸಿತು.

ಅಕ್ಕ ಮಾತ್ರ ಕೂರಲಿಲ್ಲ. ತಂಗಿ ಇಷ್ಟು ದಿನ ಯಾರಿಗಾಗಿ ತಪ್ಪು ಬರೆದಳೆಂದು ಅವಳಿಗೂ ಹೊಳೆದಿತ್ತು, ಕಿವಿಗಳು ಕೆಂಪಾಗಿದ್ದವು.

"ಲೇ ಸಾಸಿವೆ, ಇನ್ಮೇಲೆ ಕ್ಲಾಸಲ್ಲಿ ನಂಗೆ ಕಾಯ್ಬೇಡ. ಗೊತ್ತಿದ್ರೆ ನೀನೇ ಮೊದ್ಲು ಹೇಳು. ನಂಗೋಸ್ಕರ ತಪ್ಪು ಬರಿಯೋದೂ ಬೇಡ. ನಾನು ಹೇಳ್ತಿದೀನಿ, ಕೇಳ್ಬೇಕು."

ಸಾಸಿವೆ ಅಕ್ಕನ ಹತ್ತಿರ ಬಂದಳು. "ದೊಡ್ಡವರು ತಪ್ಪು ಹೇಳಿದ್ರೂ ಹೇಳ್ಲಾ?"

"ಹ್ಞೂಂ. ಯಾರು ತಪ್ಪು ಹೇಳಿದ್ರೂ ಹೇಳು."

ಹುಡುಗಿ ತಕ್ಷಣ ನನ್ನ ಕಡೆ ತಿರುಗಿದಳು.

"ಟೀಚರ್, ಹೋದ ತಿಂಗಳು ನೀವು ಜೇಡಕ್ಕೆ ಆರು ಕಾಲು ಅಂತ ಬರ್ಸಿದ್ರಿ. ಆರಲ್ಲ, ಎಂಟು. ನಮ್ಮನೆ ಮೂಲೇಲಿ ಒಂದಿದೆ, ಎಣಿಸಿದೀನಿ."

ಹೆಡ್‌ಮಾಸ್ತರು ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ.

"ಹೌದು ಟೀಚರ್, ಎಂಟೇ," ಎಂದಳು ತಂಗಿಯ ಹಿಂದೆಯೇ ಅಕ್ಕ. "ನಾನೂ ಎಣಿಸಿದೀನಿ."