ಎವಾಸೊ ನದಿಗೆ ನೀರು ಬಂದ ಶುಕ್ರವಾರ

ಆ ಶುಕ್ರವಾರ ಕುವೈತಿನ ಅಹ್ಮದಿಯ ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿಕೊಂಡು ಬಂದ ನೊರ್ಬರ್ಟ್ ಫಿಂಟಾಸಿನ ತನ್ನ ಫ್ಲ್ಯಾಟಿನ ಬೀಗ ತೆಗೆಯುತ್ತಿದ್ದಾಗ ಮೊಬೈಲು ಹೊಡೆದುಕೊಂಡಿತು. ನೈರೋಬಿಯ ಸಫಾರಿ ಕಚೇರಿಯ ಹೆಂಗಸೊಬ್ಬಳು ಮಾತಾಡುತ್ತಿದ್ದಳು. ಸಂಬೂರು ಸೀಮೆಯಲ್ಲಿ ಎವಾಸೊ ನದಿ ಏಕಾಏಕಿ ಉಕ್ಕಿದೆ, ಕ್ಯಾಂಪಿನ ಡೇರೆಗಳು ಕೊಚ್ಚಿಹೋಗಿವೆ, ಮರ ಹತ್ತಿ ಕೂತವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುತ್ತಿದ್ದಾರೆ ಎಂದಳು. ಸ್ವಲ್ಪ ತಡೆದು, "ನಿಮ್ಮ ಹೆಂಡತಿ ಮತ್ತು ಮಗಳು ಇನ್ನೂ ಸಿಕ್ಕಿಲ್ಲ" ಎಂದಳು.

ನೊರ್ಬರ್ಟನ ಹೆಂಡತಿ ಆಗ್ನೆಸ್ ಆಸ್ಪತ್ರೆಯೊಂದರಲ್ಲಿ ನರ್ಸು. ಕುವೈತಿಗೆ ಬಂದಾಗಿನಿಂದ ಅವಳಿಗೆ ರಜೆಯೆಂದರೆ ಮಂಗಳೂರು, ಮಂಗಳೂರೆಂದರೆ ಯಾರದೋ ಮದುವೆ, ಯಾರದೋ ಸಾವು. ಒಮ್ಮೆಯಾದರೂ ನೆಂಟರೇ ಇಲ್ಲದ ಊರಿಗೆ ಹೋಗಬೇಕೆಂದು ಹಟ ಹಿಡಿದು ಕೀನ್ಯಾ ಸಫಾರಿಗೆ ಹೊರಟಿದ್ದಳು. ಡಿಗ್ರಿ ಮುಗಿಸಿ ಸಾಲ್ಮಿಯಾದ ಆಫೀಸೊಂದಕ್ಕೆ ಸೇರಲಿದ್ದ ಮಗಳು ಶರ್ಲಿಯೂ ಜೊತೆಗಿದ್ದಳು. ನೊರ್ಬರ್ಟನಿಗೆ ಮಾತ್ರ ರಜೆ ಸಿಗಲಿಲ್ಲ. ಅವನು ಶುವೈಖಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್. ಸ್ಟಾಕ್ ಎಣಿಸುವ ತಿಂಗಳಲ್ಲಿ ಹೋಗುವಂತಿಲ್ಲ ಎಂದು ಮಾಲೀಕ ಅಬು ಫಹದ್ ಹೇಳಿದ್ದ.

ಹಿಂದಿನ ಸಂಜೆ ಆಗ್ನೆಸ್ ಫೋನು ಮಾಡಿದ್ದಳು.

"ಇಲ್ಲಿ ನದಿ ಅಂದ್ರೆ ಬರೀ ಮರಳು, ನೊರ್ಬರ್ಟ್. ಹೋದ ವರ್ಷವಿಡೀ ಮಳೆಯೇ ಬರ್ಲಿಲ್ಲ ಅಂತೆ. ಆನೆಗಳು ಕಾಲಲ್ಲಿ ಗುಂಡಿ ತೋಡಿ ನೀರು ಕುಡೀತವೆ. ಅವು ಆಚೆ ಹೋಗುವವರೆಗೆ ಜೀಬ್ರಾಗಳು ಕಾಯ್ತಾ ನಿಂತಿರ್ತವೆ, ಪಾಪ."

ಗೈಡು ಲೆಶೋರೆ ಎಂಬ ಸಂಬೂರು ಬುಡಕಟ್ಟಿನ ಯುವಕನಂತೆ. ಮೈಗೆ ಕೆಂಪು ಬಟ್ಟೆ, ಕೈಯಲ್ಲಿ ಭರ್ಜಿ, ಬಾಯಲ್ಲಿ ಒಳ್ಳೆಯ ಇಂಗ್ಲಿಷು. ಅವರಲ್ಲಿ ಮನೆ ಕಟ್ಟುವುದೆಲ್ಲ ಹೆಂಗಸರ ಕೆಲಸವೆಂದು ಅವನು ಹೇಳಿದಾಗ ಶರ್ಲಿ ನಂಬಲಿಲ್ಲವಂತೆ. "'ಹಾಗಾದ್ರೆ ನಾಳೆ ಬೆಳಿಗ್ಗೆ ನಮ್ಮ ಹಟ್ಟಿಗೆ ಬಾ, ನನ್ನ ಅಮ್ಮನನ್ನೇ ಕೇಳು' ಅಂದ. ಹಾಲು ಕರೆಯುವ ಹೊತ್ತಿಗೆ ಹೋಗ್ತೇವೆ. ಹತ್ರವೇ, ನದಿ ದಾಟಿದ್ರೆ ಆಯ್ತು," ಎಂದಿದ್ದಳು ಆಗ್ನೆಸ್.

ಈಗ ಬಾಗಿಲಲ್ಲಿ ನಿಂತ ನೊರ್ಬರ್ಟನಿಗೆ ಆ ಕೊನೆಯ ಮಾತು ನೆನಪಾಯಿತು. ನೀರು ಬಂದಾಗ ಅವರು ಡೇರೆಯಲ್ಲಿರಲಿಲ್ಲ. ನದಿಯೊಳಗೇ ಇದ್ದಿರಬೇಕು.

ಆಗ್ನೆಸಳ ನಂಬರಿಗೆ ಮತ್ತೆ ಮತ್ತೆ ಹಚ್ಚಿದ. ಶರ್ಲಿಯದ್ದಕ್ಕೂ ಹಚ್ಚಿದ. ಎರಡೂ ಆಫ್ ಆಗಿದ್ದವು. ಆಮೇಲೆ, ಸಂಜೆಯ ವಿಮಾನ ಹಿಡಿಯಲೇಬೇಕೆಂದು ನಿಶ್ಚಯಿಸಿದ. ಪಾಸ್‌ಪೋರ್ಟು ಅವನ ಕೈಯಲ್ಲಿರಲಿಲ್ಲ, ಉಳಿದ ಕೆಲಸಗಾರರದ್ದರಂತೆ ಅಂಗಡಿಯ ತಿಜೋರಿಯಲ್ಲಿತ್ತು. ಸರಕಾರಿ ಕೆಲಸಗಳಿಗೆ ಓಡಾಡುವ ಕಂಪನಿಯ ಮಂದೂಬನಿಗೆ ಫೋನು ಮಾಡಿದರೆ ಅವನು ಈಜಿಪ್ಟಿಗೆ ಹೋಗಿದ್ದ. "ಬೀಗದಕೈ ಅಬು ಫಹದ್ ಹತ್ತಿರ. ಅವರು ಮರುಭೂಮಿಯ ಡೇರೆಯಲ್ಲಿದ್ದಾರೆ. ಅಲ್ಲಿ ಫೋನು ಸಿಗುವುದಿಲ್ಲ," ಎಂದ.

ಚಳಿಗಾಲ ಮುಗಿಯುವವರೆಗೆ ವಾರಾಂತ್ಯವನ್ನು ಮರುಭೂಮಿಯಲ್ಲಿ ಕಳೆಯುವುದು ಇಲ್ಲಿಯ ಮನೆತನಗಳ ರೂಢಿ. ಆ ಡೇರೆಗಳಿಗೆ ಟ್ಯಾಂಕರಿನಲ್ಲಿ ನೀರು ಹಾಕುವವನು ಕೆಳಮನೆಯ ಹಂಝ, ಉಪ್ಪಿನಂಗಡಿಯ ಬ್ಯಾರಿ. ನೊರ್ಬರ್ಟ್ ಮೆಟ್ಟಿಲಿಳಿದು ಅವನ ಬಾಗಿಲು ಬಡಿದ.

"ಹಂಝಾಕ, ನಮ್ಮ ಅರಬಿಯ ಡೇರೆ ನಿಮಗೆ ಗೊತ್ತುಂಟಾ?"

"ವಫ್ರಾ ಕಡೆ ಎಲ್ಲೋ ಉಂಟು. ಎಂತ ಆಯ್ತು? ನಿಮ್ಮ ಮುಖ ಎಂತ ಹೀಗೆ?"

ನೊರ್ಬರ್ಟ್ ಹೇಳಿದ. ಹಂಝ ಜುಮ್ಮಾ ನಮಾಜಿಗೆಂದು ಇಸ್ತ್ರಿ ಹಾಕಿಟ್ಟ ಅಂಗಿಯನ್ನು ಕುರ್ಚಿಯ ಮೇಲೇ ಬಿಟ್ಟು ಚಪ್ಪಲಿ ಮೆಟ್ಟಿದ. "ನಿಮ್ಮ ಕಾರು ಮರಳಲ್ಲಿ ಹೂತುಹೋದೀತು. ಟ್ಯಾಂಕರಿನಲ್ಲೇ ಹೋಗುವ."

ಟ್ಯಾಂಕರು ನಿಧಾನ. ಬೆನ್ನ ಹಿಂದೆ ನೀರು ಕುಲುಕುತ್ತಿತ್ತು. ಟಾರು ರಸ್ತೆ ಬಿಟ್ಟು ಮರಳಿಗೆ ಇಳಿದಾಗ ಮೊಬೈಲಿನ ಸಿಗ್ನಲ್ಲೂ ಹೋಯಿತು. ಅವನು ಅದನ್ನು ಕಿಟಕಿಯಿಂದ ಹೊರಗೆ ಎತ್ತಿ ಹಿಡಿದೇ ಕೂತ.

"ಕೈ ಒಳಗೆ ತಕೊಳ್ಳಿ. ಫೋನು ಬಿದ್ರೆ ಕಷ್ಟ," ಎಂದ ಹಂಝ.

"ಅವಳಿಗೆ ಈಜು ಬರುದಿಲ್ಲ ಹಂಝಾಕ. ನೇತ್ರಾವತಿ ಬದಿಯಲ್ಲೇ ಹುಟ್ಟಿದ್ದು, ಆದ್ರೂ ಬರುದಿಲ್ಲ."

ಎಲ್ಲ ಡೇರೆಗಳೂ ಒಂದೇ ಥರ ಕಾಣುತ್ತಿದ್ದವು. ಒಂದು ಕಡೆ ಹೋಗಿ ಕೇಳಿದರೆ ಬೇರೆ ಯಾರದೋ ಸಂಸಾರ, ಇನ್ನೊಂದು ಕಡೆ ಬರೀ ಕೆಲಸದವರು. ಧೂಳು ಎದ್ದು ದಿಕ್ಕು ತಪ್ಪಿತು. ನೊರ್ಬರ್ಟ್ ಬಾಗಿಲು ತೆಗೆದು ಇಳಿದು, ಕಂಡ ಡೇರೆಯ ಕಡೆಗೆಲ್ಲ ಓಡಿದ. ಕೊನೆಗೆ ಮಾಲೀಕನ ಬಿಳಿ ಜೀಪನ್ನು ದೂರದಿಂದಲೇ ಗುರುತು ಹಿಡಿದವನು ಹಂಝ.

ಅಬು ಫಹದ್ ಗಂಡುಮಕ್ಕಳ ಜೊತೆ ಊಟಕ್ಕೆ ಕೂತಿದ್ದ. ಮರಳು ಮೆತ್ತಿದ ನೊರ್ಬರ್ಟನನ್ನು ನೋಡಿ ಎದ್ದು ಬಂದ. ನೊರ್ಬರ್ಟ್ ತನಗೆ ಬರುವ ಅರಬ್ಬಿಯಲ್ಲಿ ಹೇಳಲು ಶುರು ಮಾಡಿದ. ನದಿ, ನೀರು, ಹೆಂಡತಿ, ಮಗಳು. ವಾಕ್ಯ ಕೂಡಲಿಲ್ಲ. ಹಂಝ ಮುಂದೆ ಬಂದು ಉಳಿದದ್ದನ್ನು ಹೇಳಿದ.

ಅಬು ಫಹದ್ ಕೈ ಒರೆಸಿಕೊಂಡು ಬೀಗದಕೈ ಗೊಂಚಲನ್ನು ತೆಗೆದ. ತೆಗೆದವನು ಹಾಗೇ ನಿಂತ.

"ನಿನ್ನ ವಾಸದ ಪರವಾನಗಿ, ಇಕಾಮಾ, ಮುಗಿಯುತ್ತಿತ್ತು," ಎಂದ ಮೆಲ್ಲಗೆ. "ಮೊನ್ನೆ ಪಾಸ್‌ಪೋರ್ಟನ್ನು ಇಕಾಮಾ ಆಫೀಸಿಗೆ ಕಳಿಸಿದೆವು. ಅದು ತಿಜೋರಿಯಲ್ಲಿಲ್ಲ."

"ಯಾವಾಗ ಸಿಗ್ತದೆ?"

"ಭಾನುವಾರ ಆಫೀಸು ತೆರೆದ ಮೇಲೆ."

ನೊರ್ಬರ್ಟ್ ಮರಳಲ್ಲಿ ಕುಸಿದು ಕೂತ. ಅಬು ಫಹದ್ ಅವನ ಹೆಗಲು ಹಿಡಿದು ಏಳಿಸಲು ನೋಡಿದ. "ನಾನು ನಿನಗೆ ರಜೆ ಕೊಟ್ಟಿದ್ದರೆ ನೀನೂ ಹೋಗಿರುತ್ತಿದ್ದೆ. ದೇವರು ಉಳಿಸಿದ," ಎಂದ. ಅವನು ಸಮಾಧಾನಕ್ಕೆಂದೇ ಹೇಳಿದ್ದು. ನೊರ್ಬರ್ಟ್ ಅವನ ಕೈಯನ್ನು ಕೊಡವಿ ಹಾಕಿದ. ಇಷ್ಟು ವರ್ಷಗಳಲ್ಲಿ ಅವನು ಆ ಮನುಷ್ಯನ ಎದುರು ದನಿ ಎತ್ತಿದ್ದೂ ಇರಲಿಲ್ಲ. ಊಟಕ್ಕೆ ಕೂತವರೆಲ್ಲ ತಲೆ ತಗ್ಗಿಸಿದರು.

ಟಾರು ರಸ್ತೆಗೆ ಮರಳಿದ ಸ್ವಲ್ಪ ಹೊತ್ತಿಗೆ ಫೋನು ಬಂತು. ಗುರುತಿಲ್ಲದ ನಂಬರು. ಹಂಝ ಟ್ಯಾಂಕರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ.

"ಡ್ಯಾಡಿ?"

"ಶರ್ಲಿ. ಎಲ್ಲಿದ್ದೀ? ಮಮ್ಮಿ ಎಲ್ಲಿ?"

ಶರ್ಲಿ ಇಂಗ್ಲಿಷಿನಲ್ಲಿ, ಉಸಿರು ಕಟ್ಟಿಕೊಂಡು ಹೇಳಿದಳು. ಅವರು ನದಿಯ ನಡುವಿನಲ್ಲಿದ್ದಾಗ ಲೆಶೋರೆ ಥಟ್ಟನೆ ನಿಂತನಂತೆ. ಅವಳಿಗೆ ಏನೂ ಕೇಳಿಸಿರಲಿಲ್ಲ. ಅವನು ಅವಳ ತೋಳು ಹಿಡಿದು ಎಳೆದುಕೊಂಡು ಓಡಿ ಎದುರು ದಡಕ್ಕೆ ನೂಕಿದ. ಆಮೇಲೆ ಮಮ್ಮಿಗಾಗಿ ವಾಪಸು ಓಡಿದ. ಅಷ್ಟರಲ್ಲಿ ನೀರು ಮರಗಳನ್ನು ಹೊತ್ತುಕೊಂಡು ಬಂತು. ಈಗ ಅವಳು ಗುಡ್ಡದ ಮೇಲೆ ಹಟ್ಟಿಯ ಹೆಂಗಸರ ಜೊತೆ ಇದ್ದಾಳೆ. ಗಂಡಸರು ನದಿಯ ಬದಿ ಹಿಡಿದು ಹುಡುಕುತ್ತಾ ಹೋಗಿದ್ದಾರೆ.

"ಮಮ್ಮಿ ನನ್ನ ಹಿಂದೆಯೇ ಇದ್ದಳು ಡ್ಯಾಡಿ. ಹಿಂದೆಯೇ ಇದ್ದಳು," ಎಂದಳು ಅವಳು, ಈ ಸಲ ಕೊಂಕಣಿಯಲ್ಲಿ. ಫೋನು ಕಡಿದುಹೋಯಿತು.

ಆ ಇರುಳೂ ಮರುದಿನವೂ ನೊರ್ಬರ್ಟ್ ಫೋನಿನ ಎದುರೇ ಕೂತಿದ್ದ. ಹಂಝನ ಹೆಂಡತಿ ಕದೀಜಾ ಗಂಜಿ ಕಳಿಸಿದರೆ ಮುಟ್ಟಲಿಲ್ಲ. ಜಪಮಾಲೆ ಹಿಡಿದರೆ ಎಲ್ಲಿಗೆ ನಿಲ್ಲಿಸಿದೆನೆಂದು ಮರೆಯುತ್ತಿತ್ತು. ದೇವರೊಂದಿಗೆ ಚೌಕಾಸಿಗೆ ಇಳಿದ. ಕಾಲಿಲ್ಲದಿದ್ದರೂ ಸಾಕು, ಕಣ್ಣಿಲ್ಲದಿದ್ದರೂ ಸಾಕು, ಜೀವ ಒಂದಿರಲಿ ಎಂದ. ಸ್ವಲ್ಪ ಹೊತ್ತಿಗೆ ಅದೂ ಬೇಡ, ಹೆಣವಾದರೂ ಸಿಗಲಿ ಎಂದು ಮನಸ್ಸು ಹೇಳಿತು. ಹಾಗೆ ಯೋಚಿಸಿದ್ದಕ್ಕೆ ಗೋಡೆಗೆ ತಲೆ ಚಚ್ಚಿಕೊಂಡ. ಹಂಝ ಬಂದು ಅವನನ್ನು ಹಿಡಿದುಕೊಂಡು ನೆಲದ ಮೇಲೇ ಕೂತ.

ಶನಿವಾರ ಸಂಜೆ ಆಗ್ನೆಸ್ ಸಿಕ್ಕಿದಳು. ನದಿ ಬಾಗುವ ಕಡೆ ಕವಲೊಡೆದ ಮರವೊಂದಕ್ಕೆ ಅವಳನ್ನು ಕೆಂಪು ಬಟ್ಟೆಯಿಂದ ಬಿಗಿಯಾಗಿ ಕಟ್ಟಲಾಗಿತ್ತು. ತೊಡೆಯ ಮೂಳೆ ಮುರಿದಿತ್ತು, ಎಚ್ಚರವಿರಲಿಲ್ಲ, ಉಸಿರಿತ್ತು. ವಿಮಾನದಲ್ಲಿ ನೈರೋಬಿಯ ಆಸ್ಪತ್ರೆಗೆ ಒಯ್ದರು. ಶರ್ಲಿ ಈ ಸುದ್ದಿ ಹೇಳುವಾಗ ನೊರ್ಬರ್ಟ್ ಜೋರಾಗಿ ಅತ್ತ. ಅವಳು ಅವನು ಅತ್ತು ಮುಗಿಸುವವರೆಗೆ ಕಾದು, "ಲೆಶೋರೆ ಹೋದ ಡ್ಯಾಡಿ. ಇನ್ನೂ ಕೆಳಗೆ ಸಿಕ್ಕಿದ. ಮಮ್ಮಿಗೆ ಈಗ ಎಚ್ಚರ ಬಂತು, ಯಾರೂ ಹೇಳಿಲ್ಲ," ಎಂದಳು.

ಭಾನುವಾರ ಅಬು ಫಹದ್ ತಾನೇ ಇಕಾಮಾ ಆಫೀಸಿಗೆ ಹೋಗಿ ಪಾಸ್‌ಪೋರ್ಟು ತಂದುಕೊಟ್ಟ. ಹಂಝ ವಿಮಾನ ನಿಲ್ದಾಣಕ್ಕೆ ಬಿಟ್ಟ. ಚೆಕ್-ಇನ್ ಸಾಲಿನಲ್ಲಿ ನಿಂತಿದ್ದಾಗ ಆಗ್ನೆಸಳೇ ಫೋನು ಮಾಡಿದಳು. ದನಿ ಬಹಳ ಸಣ್ಣಗಿತ್ತು.

"ನೊರ್ಬರ್ಟ್, ಅವನು ಸಿಕ್ಕಿದನಾ? ಇಲ್ಲಿ ಯಾರನ್ನು ಕೇಳಿದ್ರೂ ಮಲಗು ಅಂತಾರೆ. ಶರ್ಲಿ ಮುಖ ತಿರುಗಿಸ್ತಾಳೆ."

ಸಾಲು ಮುಂದೆ ಹೋಯಿತು. ಅವನು ಬದಿಗೆ ಸರಿದು ನಿಂತ. ಹಾಸಿಗೆಯಲ್ಲಿರುವವಳಿಗೆ ಸುಳ್ಳು ಹೇಳಬಹುದಿತ್ತು.

"ಸಿಕ್ಕಿದ," ಎಂದ. "ಜೀವ ಇರ್ಲಿಲ್ಲ."

ಆಗ್ನೆಸ್ ಅಳಲಿಲ್ಲ.

"ನನ್ನನ್ನು ಕಟ್ಟಿ ಮುಗಿಸಿದ ಮೇಲೆ ಅವನಿಗೆ ತನ್ನನ್ನು ಕಟ್ಟಿಕೊಳ್ಳಲಿಕ್ಕೆ ಏನೂ ಉಳಿದಿರ್ಲಿಲ್ಲ," ಎಂದಳು. ಆಮೇಲೆ, "ನೀನು ಮೊದಲು ಇಲ್ಲಿಗೆ ಬರ್ಬೇಡ. ನನಗೆ ಶರ್ಲಿ ಇದ್ದಾಳೆ. ಅವನ ಅಮ್ಮನ ಹತ್ರ ಹೋಗು."

"ಹೋಗಿ ಎಂತ ಹೇಳುದು, ಆಗ್ನೆಸ್?"

"ನನಗೆ ಗೊತ್ತಿಲ್ಲ. ನೀನು ಹೋಗು."

ನೊರ್ಬರ್ಟ್ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ.