ಜಾಬ್ ಕಾರ್ಡಿನಲ್ಲಿ ಇಲ್ಲದ ದೂರು

ಪರಮಾನಂದನ ವ್ಯಾನು ಆ ದಿನವೂ ದಾಸರಹಳ್ಳಿಯ ಹತ್ತಿರ, ಮೆಟ್ರೋ ಕಂಬಗಳ ಪಕ್ಕದಲ್ಲಿ, ಓಡುತ್ತಿದ್ದ ಹಾಗೆಯೇ ನಿಂತುಬಿಟ್ಟಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಇಂಜಿನ್ ಸುಮ್ಮನಾಯಿತು, ಅಷ್ಟೆ. ಹಿಂದಿದ್ದ ಬಸ್ಸು ಒಂದೇ ಸಮನೆ ಹಾರನ್ ಹೊಡೆಯಿತು. ಒಳಗೆ ಕುಳಿತ ಆರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನಪ್ಪಾ ಪರಮಾನಂದ, ನಿನ್ ಗಾಡಿಗೆ ಎಂಟೂ ಕಾಲಿಗೇ ಯಾಕಪ್ಪಾ ನಿದ್ದೆ ಬತ್ತದೆ?” ಎಂದರು ದೇವಕ್ಕ.

ಯಾರೂ ನಗಲಿಲ್ಲ. ಈ ಆರೂ ಜನ ಪೀಣ್ಯ ಎರಡನೇ ಹಂತದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿರುವವರು. ಎಂಟೂವರೆಗೆ ಅಲ್ಲಿ ಗೇಟು ಮುಚ್ಚುತ್ತದೆ. ಆಮೇಲೆ ಬಂದವರಿಗೆ ಹೆಸರು, ತಾರೀಖು, ಗಂಟೆ ಬರೆದ ಒಂದು ಹಳದಿ ಚೀಟಿ ಸಿಗುತ್ತದೆ. ಆ ಚೀಟಿ ಕೈಗೆ ಬಂತೆಂದರೆ ಅರ್ಧ ದಿನದ ಸಂಬಳ ಹೋಯಿತೆಂದು ಲೆಕ್ಕ.

ಅವರಲ್ಲೊಬ್ಬಳಾದ ಮಹಾನಂದಾ ಇಳಿದು ಹಿಂದಿನಿಂದ ತಳ್ಳಿದಳು. ಉಳಿದವರೂ ಕೈಹಾಕಿ ವ್ಯಾನನ್ನು ರಸ್ತೆಯ ಅಂಚಿಗೆ ತಂದರು. ಇಂಜಿನ್ ತಣ್ಣಗಾಗಿ ಹತ್ತು ನಿಮಿಷದ ನಂತರ, ಏನೂ ಆಗಿಲ್ಲವೆಂಬಂತೆ ಗಾಡಿ ಶುರುವಾಯಿತು. ಪ್ರತಿಸಲವೂ ಹೀಗೇ. ಗೇಟಿನ ಮುಂದೆ ಇಳಿಯುವಾಗ ದೇವಕ್ಕ ತಿರುಗಿ ನಿಂತರು.

“ಬೇಜಾರ್ ಮಾಡ್ಕಬೇಡ ಕಣಪ್ಪಾ. ಒಂದನೇ ತಾರೀಖಿಂದ ನಾವು ಬೇರೆ ಗಾಡಿ ನೋಡ್ಕತೀವಿ.”

ಪರಮಾನಂದ ತಲೆಯಾಡಿಸಿದ. ಅವನು ಮಾತು ಕಡಿಮೆಯ ಮನುಷ್ಯ. ಇದೇ ಕಾರ್ಖಾನೆಯ ಗ್ರೈಂಡಿಂಗ್ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದವನು. ಅಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು. ಕಿವಿ ಮಂದವಾಗತೊಡಗಿದಾಗ ಕೆಲಸ ಬಿಟ್ಟು, ಬಂದ ಹಣಕ್ಕೆ ಸಾಲ ಸೇರಿಸಿ, ಶೋರೂಮಿನಿಂದ ಹೊಸ ವ್ಯಾನು ತಂದಿದ್ದ. ಈಗ ಮನೆ ನಡೆಯುವುದು ಈ ಆರು ಜನರಿಂದ. ಇವರು ಹೋದರೆ ವ್ಯಾನು ಬರೀ ನೆರಳಿಗೆ ನಿಲ್ಲುವ ವಸ್ತು.

ಹಾಗೆಂದು ಅವನು ಸುಮ್ಮನೆ ಕುಳಿತಿರಲಿಲ್ಲ. ಶೋರೂಮಿನ ಸರ್ವಿಸ್ ಸೆಂಟರಿಗೆ ನಾಲ್ಕು ಸಲ ಹೋಗಿದ್ದ. ಅಲ್ಲಿ ತಂಪಾದ ಗಾಜಿನ ಕೋಣೆ, ಕಾಫಿ, ಮೆತ್ತನೆ ಕುರ್ಚಿ. ಗಾಡಿ ರಿಪೇರಿ ಆಗುವ ಕಡೆ ಗ್ರಾಹಕರಿಗೆ ಪ್ರವೇಶವಿಲ್ಲ. ಸರ್ವಿಸ್ ಅಡ್ವೈಸರ್ ನರೇಶ್ ಪ್ರತಿಸಲವೂ ನಗುತ್ತಾ “ನಾನ್ ನೋಡ್ಸ್ತೀನಿ ಬಿಡಿ ಅಣ್ಣ” ಎನ್ನುತ್ತಿದ್ದ. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಒಂದು ಕಾಗದ ಮುಂದಿಟ್ಟು, “ಇಲ್ಲೊಂದು ಸೈನ್” ಎನ್ನುತ್ತಿದ್ದ. ಸಂಜೆ ವ್ಯಾನು ಫಳಫಳ ಹೊಳೆಯುತ್ತಾ ಹೊರಗೆ ಬರುತ್ತಿತ್ತು. ವಾರದೊಳಗೆ ಮತ್ತೆ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು.

ಅಂದು ಸಂಜೆ ಮಹಾನಂದಾ ಬಾಗಲಗುಂಟೆಯ ಅವನ ಮನೆಗೇ ಬಂದಳು. ಅವಳು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್. ಪರಮಾನಂದನ ಹಾಗೆಯೇ ವಿಜಯಪುರದ ಕಡೆಯವಳು. ಅವಳ ಸ್ವಸಹಾಯ ಸಂಘದಲ್ಲಿ ಗ್ರಾಹಕರ ಹಕ್ಕಿನ ಬಗ್ಗೆ ತರಬೇತಿ ನಡೆದಿತ್ತು.

“ಅಣ್ಣಾರ, ಗಾಡಿ ನಿಲ್ಲೂದು ಅವರಿಗೆ ಹೇಳೀರೇನು?”

“ನಾಕ ಸಲ ಹೇಳೀನಿ.”

“ಬರದು ಕೊಟ್ಟೀರೇನು?”

“ಬಾಯಾಗ ಹೇಳಿದ್ರ ಸಾಲದೇನ? ನರೇಶ ಒಳ್ಳೆ ಹುಡುಗ. ಅಣ್ಣ ಅಂತಾನ.”

“ಅಣ್ಣ ಅಂದು ಅಂದು ಎರಡ ವರ್ಷ ಕಳದ,” ಎಂದಳು ಹೆಂಡತಿ ಮಲಕವ್ವ ಒಲೆಯ ಮುಂದಿನಿಂದ. “ನನ್ನ ಸ್ವಂತ ತಮ್ಮ ಸುದ್ದಾ ಇಷ್ಟು ಸಲ ಅಣ್ಣ ಅಂದಿಲ್ಲ.”

“ವೈನಿ, ಗಾಡಿ ಕಾಗದ ಎಲ್ಲಿ ಅದಾವು?”

ಮಲಕವ್ವ ದೇವರ ಗೂಡಿನಿಂದ ಒಂದು ಪುಸ್ತಕ ತಂದಳು. ವಾರಂಟಿ ಪುಸ್ತಕ. ವ್ಯಾನು ಬಂದ ದಿನ ಅದಕ್ಕೂ ಪೂಜೆಯಾಗಿತ್ತು. ಎರಡು ಆಯುಧಪೂಜೆಯಲ್ಲೂ ಕುಂಕುಮ ಏರಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈಮುಗಿದಿದ್ದರೇ ಹೊರತು ಯಾರೂ ತೆರೆದು ನೋಡಿರಲಿಲ್ಲ.

ಮಹಾನಂದಾ ಅಂಟಿದ ಹಾಳೆಗಳನ್ನು ನಿಧಾನವಾಗಿ ಬಿಡಿಸಿ ಓದಿದಳು. ಇಂಜಿನ್ನಿಗೂ ಅದರ ಬಿಡಿಭಾಗಗಳಿಗೂ ಎರಡು ವರ್ಷದ ವಾರಂಟಿ. ಮುಗಿಯುವುದಕ್ಕೆ ಇನ್ನು ಹನ್ನೊಂದು ದಿನ.

ಪುಸ್ತಕದ ನಡುವೆ ಸರ್ವಿಸ್ ಸೆಂಟರಿನ ನಾಲ್ಕು ಜಾಬ್ ಕಾರ್ಡ್‌ಗಳಿದ್ದವು. ಗಾಡಿ ಬಿಡುವಾಗ ಗ್ರಾಹಕನ ದೂರು ಬರೆಯುವ ಕಾಗದ ಅದು. ಅವಳು ಒಂದೊಂದನ್ನೇ ಓದಿದಳು. “ಜನರಲ್ ಚೆಕಪ್, ವಾಟರ್ ವಾಶ್. ಜನರಲ್ ಚೆಕಪ್, ವಾಟರ್ ವಾಶ್. ಮತ್ತ ಅದ. ಮತ್ತ ಅದ.” ನಾಲ್ಕರಲ್ಲೂ ಕೆಳಗೆ ಪರಮಾನಂದನ ಸಹಿ. ಗಾಡಿ ನಿಲ್ಲುತ್ತದೆ ಎಂಬ ಮಾತು ಎಲ್ಲೂ ಇರಲಿಲ್ಲ.

“ಈ ಕಾಗದದ ಪ್ರಕಾರ ನಿಮ್ಮ ಗಾಡಿಗೆ ಏನೂ ಆಗಿಲ್ಲ ಅಣ್ಣಾರ. ನಾಕ ಸಲ ತೊಳಿಸಿಕೊಂಡು ಬಂದೀರಿ. ಹನ್ನೊಂದ ದಿನ ಆದಮ್ಯಾಲೆ ಹೋದ್ರ, ವಾರಂಟಿ ಇದ್ದಾಗ ಯಾಕ ಹೇಳಲಿಲ್ಲ ಅಂತಾರ.”

ಪರಮಾನಂದ ಆ ಸಹಿಗಳನ್ನೇ ನೋಡಿದ. ಸುಳ್ಳು ಹೇಳಿದವರು ಬೇರೆಯವರಾದರೂ ಕೆಳಗೆ ಹೆಸರು ಬರೆದದ್ದು ತನ್ನ ಕೈ.

“ಅಷ್ಟು ದೊಡ್ಡ ಕಂಪನಿ. ನಮ್ಮಂಥವರ ಮಾತು ಯಾರು ಕೇಳ್ತಾರ ತಂಗಿ? ಮ್ಯಾಲೆ ಇದು ಬಾಡಿಗಿ ಗಾಡಿ. ಗ್ರಾಹಕರ ಕೋರ್ಟು ನಮಗಲ್ಲ ಅಂತಾರ.”

“ಯಾರಂದ್ರು? ಇರೂದು ಒಂದ ಗಾಡಿ. ಹೊಡಿಯೋರು ನೀವ. ಹೊಟ್ಟಿಪಾಡಿಗೆ ಹೊಡಿತೀರಿ. ಕಾನೂನಿನಾಗ ನೀವೂ ಗ್ರಾಹಕರ.” ಮಹಾನಂದಾ ಸ್ವಲ್ಪ ತಡೆದು ಕೇಳಿದಳು. “ನೀವು ಗ್ರೈಂಡಿಂಗ್‌ನಾಗ ಇದ್ದಾಗ ನಾ ಒಮ್ಮೆ ನಿಮ್ಮ ಮಾಲು ರಿಜೆಕ್ಟ್ ಮಾಡಿದ್ದೆ. ನೆನಪೈತೇನು? ಏನ್ ಮಾಡಿದ್ರಿ ಆಗ?”

ಪರಮಾನಂದನಿಗೆ ನೆನಪಿತ್ತು. ನಲವತ್ತು ಶಾಫ್ಟ್‌ಗಳು. ಅವಳು ಬಾಯಿಮಾತಿನಲ್ಲಿ ಬೇಡವೆಂದಿದ್ದಕ್ಕೆ ಅವನು ಅವಳ ಮೇಜಿನ ಮುಂದಿನಿಂದ ಕದಲಿರಲಿಲ್ಲ. ಯಾವ ಅಳತೆ ತಪ್ಪಿದೆ, ಎಷ್ಟು ತಪ್ಪಿದೆ ಎಂದು ಚೀಟಿಯ ಮೇಲೆ ಬರೆಸಿಕೊಂಡೇ ಹೋಗಿದ್ದ.

“ಕಬ್ಬಿಣದ ತುಂಡಿಗೆ ಕಾರಣ ಬರಸಿಕೊಂಡೋರು ನೀವು. ನಿಮ್ಮ ಅನ್ನಕ್ಕ ಯಾಕ ಬರಸಿಕೊಳ್ಳಲಿಲ್ಲ?”

ಯಂತ್ರದ ಮುಂದೆ ಅವನಿಗಿದ್ದ ಧೈರ್ಯ ಗಾಜಿನ ಕೋಣೆಯೊಳಗೆ ಹೋಗುವಾಗ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತಿತ್ತು. ಯಾಕೆ ಹಾಗೆ ಎಂದು ಅವನು ಈವರೆಗೆ ಯೋಚಿಸಿರಲಿಲ್ಲ.

ಗಾಡಿ ಯಾವ್ಯಾವ ದಿನ ನಿಂತಿತೆಂದು ಬರೆಯಲು ಕುಳಿತರು. ಅವನಿಗೆ ಎರಡೇ ದಿನ ನೆನಪಾದವು. ಆಗ ಮಹಾನಂದಾ ತನ್ನ ಪರ್ಸಿನಿಂದ ಹಳದಿ ಚೀಟಿಗಳನ್ನು ತೆಗೆದಳು. ಮರುದಿನ ಬೆಳಿಗ್ಗೆ ಉಳಿದವರೂ ಹುಡುಕಿ ತಂದರು. ದೇವಕ್ಕ ತಮ್ಮವನ್ನು ಸೀರೆಯ ತುದಿಗೆ ಕಟ್ಟಿಕೊಂಡು ಬಂದಿದ್ದರು.

“ತಗೋ ಮಾರಾಯ. ನಿನ್ ಗಾಡಿ ಜಾತಕ.”

ಎಲ್ಲ ಚೀಟಿಗಳನ್ನೂ ಜೋಡಿಸಿದಾಗ ಒಂಬತ್ತು ತಾರೀಖುಗಳು ಸಿಕ್ಕವು. ಮಹಾನಂದಾ ಕನ್ನಡದಲ್ಲೇ ಒಂದು ಪತ್ರ ಬರೆದಳು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು, ಅಷ್ಟೇ. ಬೈಗುಳವಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಅದರ ಎರಡು ಜೆರಾಕ್ಸ್ ತೆಗೆಸಿದರು.

ಪತ್ರ ಹಿಡಿದು ಪರಮಾನಂದ ಸರ್ವಿಸ್ ಸೆಂಟರಿಗೆ ಹೊರಟಾಗ ಮಲಕವ್ವನೂ ಜೊತೆಗೆ ಹೋದಳು.

“ಬನ್ನಿ ಅಣ್ಣ, ಕಾಫಿ ಆಯ್ತಾ?” ನರೇಶ್ ಮಾತಾಡುತ್ತಲೇ ಕಂಪ್ಯೂಟರಿನಲ್ಲಿ ಒತ್ತಿದ, ಕಾಗದ ತೆಗೆದ. “ಇಲ್ಲೊಂದು ಸೈನ್ ಹಾಕ್ಬಿಡಿ.”

ಪರಮಾನಂದ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಜನರಲ್ ಚೆಕಪ್. ಪೆನ್ನನ್ನು ಮೇಜಿನ ಮೇಲಿಟ್ಟ.

“ಇದು ನನ್ನ ದೂರು ಅಲ್ರಿ. ಓಡೂಮುಂದ ಇಂಜಿನ್ ಬಂದ್ ಆಗ್ತೈತಿ ಅಂತ ಬರೀರಿ.”

“ಸಿಸ್ಟಮ್ಮಲ್ಲಿ ಆ ಆಪ್ಶನ್ ಇಲ್ಲ ಅಣ್ಣ.”

“ಕೈಲೆ ಬರೀರಿ.”

“ನಾನ್ ನೋಡ್ಸ್ತೀನಿ ಅಂತಿದೀನಲ್ಲ. ನನ್ ಮೇಲೆ ನಂಬಿಕೆ ಇಲ್ವಾ?”

ಪರಮಾನಂದ ಸುಮ್ಮನೆ ಕುಳಿತ. ಇಷ್ಟು ದಿನ ಅವನ ಮೌನ ಎದುರಿನವರಿಗೆ ಅನುಕೂಲವಾಗಿತ್ತು. ಇಂದು ಅದೇ ಮೌನ ಮೇಜಿನ ಮೇಲೆ ಭಾರವಾಗಿ ಕುಳಿತುಕೊಂಡಿತು. ಹಿಂದೆ ಕಾಯುತ್ತಿದ್ದವರು ತಿರುಗಿ ನೋಡತೊಡಗಿದರು.

“ನಂಬಿಕಿ ಐತಿ,” ಎಂದ ಕೊನೆಗೆ. “ಬೇಕಂದ್ರ ಅದನ್ನೂ ಬರೀರಿ. ಆದರ ದೂರು ಮೊದಲ ಬರೀರಿ.”

ಒಳಗಿನಿಂದ ಮ್ಯಾನೇಜರ್ ಬಂದರು. ಪರಮಾನಂದ ಮುಂದಿಟ್ಟ ಪತ್ರ ನೋಡಿದರು. “ನೀವು ಹೊರಗಡೆ ಎಲ್ಲೋ ಆಯಿಲ್ ಹಾಕ್ಸಿರ್ತೀರ. ವಾರಂಟಿ ಬರಲ್ಲ,” ಎಂದರು.

ಒಮ್ಮೆ ಲಗ್ಗೆರೆಯಲ್ಲಿ ಅರ್ಧ ಲೀಟರ್ ಆಯಿಲ್ ಹಾಕಿಸಿದ್ದು ನಿಜ. ಆದರೆ ಮಲಕವ್ವ ಕುಂಕುಮ ಹತ್ತಿದ ಪುಸ್ತಕವನ್ನು ಮ್ಯಾನೇಜರ್ ಮುಂದೆ ತೆರೆದಿಟ್ಟಳು.

“ಆಯಿಲ್ ಹಾಕಿಸಿದ್ರ ಎಲ್ಲಾ ವಾರಂಟಿ ಹೋಗ್ತೈತಿ ಅಂತ ಯಾವ ಪುಟದಾಗ ಐತ್ರಿ ಸಾಹೇಬ್ರ? ನನಗ ಓದಾಕ ಬರೂದಿಲ್ಲ. ನೀವ ಓದಿ ಹೇಳ್ರಿ.”

ಮ್ಯಾನೇಜರ್ ಹಾಳೆ ತಿರುವಿದರು. ಮತ್ತೆ ತಿರುವಿದರು.

“ಇಲ್ಲಂದ್ರ, ವಾರಂಟಿ ಬರೂದಿಲ್ಲ ಅಂತ ಒಂದ ಹಾಳಿ ಮ್ಯಾಲೆ ಬರದು ಕೊಡ್ರಿ,” ಎಂದ ಪರಮಾನಂದ. “ಕಾರಣ, ಪುಟದ ನಂಬರು, ನಿಮ್ಮ ಸಹಿ. ಕಂಪನಿಗೂ ಗ್ರಾಹಕರ ಕೋರ್ಟಿಗೂ ಕಳಸೂದೈತಿ.”

ಮ್ಯಾನೇಜರ್ ಒಳಗೆ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಬಂದಾಗ “ಗಾಡಿ ಬಿಟ್ಟು ಹೋಗಿ” ಎಂದರು. ನರೇಶ್ ಜಾಬ್ ಕಾರ್ಡಿನ ಮೇಲೆ ಕೈಯಿಂದಲೇ ದೂರು ಬರೆದ. ಪತ್ರದ ಜೆರಾಕ್ಸ್ ಪ್ರತಿಯ ಮೇಲೆ ಸೀಲು ಒತ್ತಿಕೊಟ್ಟ. ಆಗ ಪರಮಾನಂದ ಸಹಿ ಹಾಕಿದ.

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮರುದಿನ ಫೋನು ಬಂತು. “ಎರಡು ರೌಂಡ್ ಹೊಡ್ಸಿದ್ವಿ ಅಣ್ಣ, ನಿಲ್ಲಲೇ ಇಲ್ಲ. ತಗೊಂಡ್ಹೋಗಿ.”

ಖಾಲಿ ಗಾಡಿ ಖಾಲಿ ರಸ್ತೆಯಲ್ಲಿ ಯಾಕೆ ನಿಲ್ಲುತ್ತದೆ? “ನಿಮ್ಮ ಮೆಕ್ಯಾನಿಕ್ ಒಬ್ಬರನ್ನ ನನ್ನ ಟ್ರಿಪ್ಪಿಗೆ ಕಳಸ್ರಿ. ಏಳೂವರೆಗೆ, ಲಗ್ಗೆರಿಯಿಂದ,” ಎಂದ ಪರಮಾನಂದ.

ಮೆಕ್ಯಾನಿಕ್ ದ್ಯಾಮಣ್ಣ ಗಾಡಿಗೆ ಒಂದು ಪರೀಕ್ಷೆಯ ಉಪಕರಣ ಸಿಕ್ಕಿಸಿ ಮುಂದೆ ಕುಳಿತ. ಆರು ಹೆಂಗಸರು ಹಿಂದೆ. ಬಾಗಲಗುಂಟೆ ದಾಟಿತು, ವ್ಯಾನು ನಿಲ್ಲಲಿಲ್ಲ. ಮುಖ್ಯರಸ್ತೆಗೆ ಬಂತು, ನಿಲ್ಲಲಿಲ್ಲ. ಹೋಗುವ ಕಡೆ ಹೊತ್ತಿಗೆ ಮುಟ್ಟಬೇಕೆಂದು ದಿನವೂ ಬೇಡುತ್ತಿದ್ದವರು ಇಂದು ನಿಲ್ಲಲೆಂದು ಬೇಡುತ್ತಿದ್ದರು.

“ಇವತ್ತೊಂದಿನ ನಿಂತ್ಕಳವ್ವಾ,” ಎಂದರು ದೇವಕ್ಕ. “ಚೀಟಿ ಬಂದ್ರೆ ಬರಲಿ.”

ಫ್ಯಾಕ್ಟರಿಗೆ ಇನ್ನೊಂದು ಸಿಗ್ನಲ್ ಇದೆ ಎನ್ನುವಾಗ ಇಂಜಿನ್ ಸುಮ್ಮನಾಯಿತು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದ ಆಟೋದವನು ಬೆರಗಾಗಿ ನೋಡಿದ.

“ಇಳೀರಿ ದ್ಯಾಮಣ್ಣಾರ,” ಎಂದಳು ಮಹಾನಂದಾ. “ಇವತ್ತ ನೀವ ತಳ್ಳ್ರಿ.”

ಉಪಕರಣ ತೋರಿಸಿದ ದೋಷ ಹೆಬ್ಬೆರಳಿನಷ್ಟಿದ್ದ ಒಂದು ಸೆನ್ಸರಿನದು. ಇಂಜಿನ್ ಚೆನ್ನಾಗಿ ಬಿಸಿಯಾದಾಗ ಮಾತ್ರ ಅದು ಕೈಕೊಡುತ್ತಿತ್ತು. ವಾರಂಟಿ ಮುಗಿಯಲು ಆರು ದಿನ ಇರುವಾಗ, ಪರಮಾನಂದನಿಂದ ಏನೂ ತೆಗೆದುಕೊಳ್ಳದೆ ಅದನ್ನು ಬದಲಾಯಿಸಿದರು. ಬದಲಾಯಿಸಿದ್ದನ್ನು ಅವನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡ.

ಬೀಗದ ಕೈ ಕೊಡುವಾಗ ನರೇಶ್ ದನಿ ತಗ್ಗಿಸಿ ಹೇಳಿದ. “ಯಾರೂ ಹಿಂಗೆ ಬರ್ಸಲ್ಲ ಅಣ್ಣ. ಬರ್ಸಿದ್ರೆ ನಮ್ಗೂ ಕಂಪನಿಗೆ ಕಳ್ಸೋಕೆ ಒಂದು ದಾಖಲೆ ಇರುತ್ತೆ.”

ಹೋದ ಅರ್ಧ ದಿನಗಳು ಯಾರಿಗೂ ಮರಳಿ ಬರಲಿಲ್ಲ. ಆ ಆರು ಜನರಲ್ಲಿ ಇಬ್ಬರು ಆಗಲೇ ಬೇರೆ ಗಾಡಿ ಗೊತ್ತುಮಾಡಿಕೊಂಡಿದ್ದರು. ಅವರು ಹೋದರು. ದೇವಕ್ಕ ಉಳಿದರು, ಮಹಾನಂದಾ ಉಳಿದಳು. ತಿಂಗಳೊಳಗೆ ಖಾಲಿ ಸೀಟುಗಳಿಗೆ ಹೊಸಬರು ಬಂದರು. ವ್ಯಾನು ಆಮೇಲೆ ರಸ್ತೆಯಲ್ಲಿ ನಿಂತಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಂದು ಗಾಡಿಯೋ, ಹೊಲಿಗೆ ಯಂತ್ರವೋ, ಫ್ರಿಜ್ಜೋ ಇರಬಹುದು. ಅದರ ವಾರಂಟಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ. ಓದಲು ಬಾರದಿದ್ದರೆ ಪಕ್ಕದ ಮನೆಯವರಿಂದ ಓದಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ರಿಪೇರಿಗೆ ಕೊಡುವಾಗ ದೂರನ್ನು ನೀವು ಹೇಳಿದ ಹಾಗೆಯೇ ಬರೆಸಿ, ಒಂದು ಪ್ರತಿ ಮನೆಗೆ ತನ್ನಿ. ವಾರಂಟಿ ಇಲ್ಲವೆಂದರೆ ಜಗಳ ಬೇಡ, ಕಾರಣವನ್ನು ಬರೆದುಕೊಡಿ ಎನ್ನಿ. ಅದಕ್ಕೂ ಒಪ್ಪದಿದ್ದರೆ ಅಂಗಡಿಗೂ ಕಂಪನಿಗೂ ರಿಜಿಸ್ಟರ್ಡ್ ಪತ್ರ ಹಾಕಿ. ಆಗಲೂ ಕೇಳದಿದ್ದರೆ, ತೊಂದರೆ ಎದ್ದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಅಂದರೆ ಗ್ರಾಹಕರ ಕೋರ್ಟಿಗೆ, ಹೋಗಿ. ವಕೀಲರು ಇರಲೇಬೇಕೆಂದೇನಿಲ್ಲ, ನೀವೇ ನಿಂತು ಹೇಳಬಹುದು.

ನಾವು ದುಡಿದು ಕೊಂಡ ವಸ್ತುವಿನ ಬಗ್ಗೆ ಕೇಳುವುದು ಯಾರನ್ನೂ ಅವಮಾನಿಸಿದಂತಲ್ಲ. ಕೇಳಿ. ನೀವು ಕೇಳಿದ್ದು ಅಕ್ಷರವಾಗಿ ಕಾಗದದ ಮೇಲೆ ಕಾಣುವವರೆಗೆ ಆ ಕುರ್ಚಿಯಿಂದ ಏಳಬೇಡಿ.