ಅರ್ಧ ಎದ್ದ ಶಾಸಕರು

ಕುಮಾರಸ್ವಾಮಿ ಲೇಔಟಿನ ಜನ ತಮ್ಮ ಶಾಸಕರನ್ನು ಚುನಾವಣೆಗೆ ಮುಂಚೆ ಒಂದು ಥರ ಕರೆಯುತ್ತಿದ್ದರು, ಗೆದ್ದ ಮೇಲೆ ಇನ್ನೊಂದು ಥರ. ಮುಂಚೆ ‘ಯಲ್ಲಯ್ಯಣ್ಣ’. ಆಮೇಲೆ ‘ಎಲ್ಲಯ್ಯಾ?’ ಈ ಎರಡನೆಯದನ್ನು ಚಾಲ್ತಿಗೆ ತಂದವಳು ಕಂಡಕ್ಟರ್ ಇಂದ್ರಾಣಿ. ಬನಶಂಕರಿಯಿಂದ ಮಾರ್ಕೆಟ್ಟಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಮೆಷಿನ್ ಒತ್ತುತ್ತಾ ಒತ್ತುತ್ತಾ ಅವಳು ಯಾರ ಗಂಟಲನ್ನು ಬೇಕಾದರೂ ತನ್ನ ಗಂಟಲಿಗೆ ಹತ್ತಿಸಿಕೊಳ್ಳುತ್ತಿದ್ದಳು. ಡಿಪೋ ಮ್ಯಾನೇಜರು, ಚಿಲ್ಲರೆ ಇಲ್ಲ ಅನ್ನುವ ಸೂಟು ಬೂಟಿನವರು, ಕಿಟಕಿ ಪಕ್ಕ ಕೂತು ನಿದ್ದೆಯಲ್ಲೇ ಸ್ಟಾಪ್ ಕೇಳುವ ಅಜ್ಜಿ. ಯಲ್ಲಯ್ಯ ಅಂತೂ ಅವಳ ಕೈಲಿ ನೀರು ಕುಡಿದಷ್ಟು ಸಲೀಸು. ಚಳಿಗೆ ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ ಎರಡು ಸಲ ಗಂಟಲು ಒದ್ದು, ಮೂರನೆಯದಕ್ಕೆ ‘ನೋಡ್ರಪ್ಪಾ’ ಎಂದು ಹೊರಟು, ಕೊನೆಗೆ ‘ಹೌದೋ ಅಲ್ವೋ?’ ಎಂದು ಬ್ರೇಕ್ ಹಾಕಿದರೆ ಯಲ್ಲಯ್ಯ ತಯಾರು. ಇಡೀ ಬಸ್ಸು ‘ಹೌದು’ ಅನ್ನುತ್ತಿತ್ತು.

ಇಂದ್ರಾಣಿಯ ಮಗ ದೀಪಕ್‌ಗೆ ಹುಟ್ಟಿದಾಗಿನಿಂದ ಕಾಲು ಎರಡೂ ಸೆಟೆದುಕೊಂಡಿವೆ, ಎಡಗೈ ಮಡಿಸಿಕೊಂಡೇ ಇರುತ್ತದೆ. ಈಗ ಮೀಸೆ ಬಂದ ಹುಡುಗ. ತಲೆ ಚುರುಕು, ಮಾತು ಮಾತ್ರ ಒಳಗಿನಿಂದ ನೂಕಿಕೊಂಡು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಗಂಡ ಬಿಟ್ಟುಹೋದ ಮೇಲೆ ಅವನನ್ನು ಇಂದ್ರಾಣಿಯ ತಾಯಿ ನೋಡಿಕೊಳ್ಳುತ್ತಿದ್ದಳು. ಅವಳೂ ತೀರಿಕೊಂಡಾಗ ಇಂದ್ರಾಣಿ ಮಗನ ಪಕ್ಕ ನೀರಿನ ಬಾಟಲಿ ಇಟ್ಟು, ಎಫ್‌ಎಂ ಹಾಕಿ, ಹೊರಗಡೆಯಿಂದ ಬೀಗ ಜಡಿದು ಡ್ಯೂಟಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಎಲ್ಲರನ್ನೂ ನಗಿಸುವಾಗ ಆ ಬೀಗ ಅವಳ ಹೊಟ್ಟೆಯಲ್ಲಿ ನೇತಾಡುತ್ತಿತ್ತು.

ಅದನ್ನು ತೆಗೆಸಿದ್ದು ಹಗಲು ಮನೆ. ದೀಪಕ್‌ನಂಥವರನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳಲು ಸರ್ಕಾರ ಬಾಡಿಗೆ ಮನೆಯೊಂದರ ಕೆಳಗಿನ ಭಾಗದಲ್ಲಿ ತೆರೆದ ಜಾಗ. ಅಲ್ಲಿ ಅಡುಗೆಗೆ ಮುನಿಯಕ್ಕ, ಕೈಕಾಲಿಗೆ ವ್ಯಾಯಾಮ ಮಾಡಿಸಲು ವನಿತಾ ಮೇಡಂ. ಅಲ್ಲಿಗೆ ಹೋಗಲು ಶುರುಮಾಡಿದ ಮೇಲೆ ದೀಪಕ್ ಕೇರಂ ಕಲಿತ, ಮೋಸ ಮಾಡುವುದನ್ನೂ ಕಲಿತ. ಇಂದ್ರಾಣಿಗೆ ಅದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ.

ಕಳೆದ ವರ್ಷ ಇಂಥ ಮನೆಗಳಿಗೆಂದೇ ಒಂದು ವಿಧೇಯಕ ಬಂತು. ಖರ್ಚು ಪೂರ್ತಿ ಸರ್ಕಾರದ್ದು, ಮನಸ್ಸು ಬಂದಾಗ ಮುಚ್ಚುವ ಹಾಗಿಲ್ಲ. ಸದನ ಒಪ್ಪಿತು. ರಾಜ್ಯಪಾಲರು ಮಾತ್ರ ಸಹಿ ಹಾಕದೆ, ದುಡ್ಡೆಲ್ಲಿದೆ ಎಂಬರ್ಥದ ಟಿಪ್ಪಣಿ ಇಟ್ಟು ವಾಪಸ್ ಕಳಿಸಿದರು. ಸದನ ಅದನ್ನೇ ಮತ್ತೊಮ್ಮೆ ಪಾಸು ಮಾಡಿದರೆ ಅವರು ಸಹಿ ಹಾಕಲೇಬೇಕು. ಅದಕ್ಕಾಗಿ ಒಂದು ದಿನದ ವಿಶೇಷ ಅಧಿವೇಶನ ಕರೆದರು. ಆಳುವ ಪಕ್ಷದವರು ಟೀವಿಯಲ್ಲಿ ತೊಡೆ ತಟ್ಟಿದರು. ಒಂದು ಕೈಯಲ್ಲಿ ತೊಡೆ ತಟ್ಟುತ್ತಾ ಇನ್ನೊಂದು ಕೈಯಲ್ಲಿ ತಿದ್ದುಪಡಿ ಬರೆದಿಟ್ಟುಕೊಂಡಿದ್ದರು: ‘ಖರ್ಚು ಪೂರ್ತಿ’ ಎಂಬಲ್ಲಿ ‘ಲಭ್ಯ ಅನುದಾನದ ಮಿತಿಯಲ್ಲಿ’ ಎಂದು ಓದಿಕೊಳ್ಳತಕ್ಕದ್ದು. ಅನುದಾನಕ್ಕೆ ಅಷ್ಟರಲ್ಲಾಗಲೇ ಕತ್ತರಿ ಬಿದ್ದಿತ್ತು. ತಿದ್ದುಪಡಿ ಪಾಸಾದರೆ ಮೊದಲು ಮುಚ್ಚುವ ಮನೆಗಳಲ್ಲಿ ಕುಮಾರಸ್ವಾಮಿ ಲೇಔಟಿನದ್ದೂ ಒಂದು ಎಂದು ವನಿತಾ ಮೇಡಂಗೆ ಮೇಲಿನವರು ಫೋನಿನಲ್ಲೇ ಹೇಳಿದ್ದರು. ನಾಯಿ ಕಡಿತಕ್ಕಾದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಾರೆ, ಬಜೆಟ್ ಕಡಿತಕ್ಕೆ ಯಾವ ಆಸ್ಪತ್ರೆಗೆ ಹೋಗೋದು ಎಂದು ಮುನಿಯಕ್ಕ ಒಲೆಯ ಮುಂದೆ ಕೂತು ಗೊಣಗಿದಳು.

ಅಪ್ಪ ಅಮ್ಮಂದಿರೆಲ್ಲ ಸೇರಿ ಆಳುವ ಪಕ್ಷದವರೇ ಆದ ಯಲ್ಲಯ್ಯನವರನ್ನು ಹಿಡಿದರು. ಅವರು ಬಂದರು, ಮುನಿಯಕ್ಕನ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡರು, ದೀಪಕ್‌ನ ಕೈ ಹಿಡಿದು ಕೂತು ಎಲ್ಲರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

“ನೋಡ್ರಪ್ಪಾ, ಇಂಥದ್ದನ್ನ ಬಾಯಿಮಾತಲ್ಲಿ ಮುಗಿಸ್ತಾರೆ. ಹೌದು ಅನ್ನೋರು ಹೌದು ಅನ್ನಿ, ಇಲ್ಲ ಅನ್ನೋರು ಇಲ್ಲ ಅನ್ನಿ. ಆ ಗಲಾಟೇಲಿ ಯಾರು ಏನಂದ್ರು ಅಂತ ಆ ದೇವರಿಗೂ ಗೊತ್ತಾಗಲ್ಲ. ಆದ್ರೆ ಒಬ್ಬ, ಒಬ್ಬೇ ಒಬ್ಬ ಎದ್ದು ನಿಂತು ‘ತಲೆ ಎಣಿಸಿ’ ಅಂದ್ರೆ ಎಣಿಸಬೇಕಾಗುತ್ತೆ. ಹೆಸರು ಸಮೇತ ಬರುತ್ತೆ. ಈ ಮಕ್ಕಳ ಹೊಟ್ಟೆ ಮೇಲೆ ಹೊಡೆದೆ ಅಂತ ಹೆಸರು ಬರೆಸ್ಕೊಳ್ಳೋ ಗಂಡಸು ಯಾರಿದಾನೆ? ನಮ್ಮ ಪಾರ್ಟಿನೇ ಇರ್ಲಿ, ಯಾರೇ ಇರ್ಲಿ, ನಾನೇ ಎದ್ದು ನಿಲ್ತೀನಿ. ಹೌದೋ ಅಲ್ವೋ?”

ಎಲ್ಲರೂ ಹೌದು ಎಂದರು. ಹೋಗುವಾಗ ಬಾಗಿಲ ಮುಂದಿನ ಮೆಟ್ಟಿಲುಗಳನ್ನು ನೋಡಿ, ಗಾಲಿಕುರ್ಚಿ ಎತ್ತಿಳಿಸೋದು ಕಷ್ಟ ಅಲ್ವಾ, ನನ್ನ ನಿಧಿಯಲ್ಲಿ ಒಂದು ಇಳಿಜಾರು ಮಾಡಿಸ್ತೀನಿ ಅಂತಲೂ ಹೇಳಿದರು. ಆ ಸಂಜೆ ಇಂದ್ರಾಣಿ ಬಸ್ಸಿನಲ್ಲಿ ಯಲ್ಲಯ್ಯನ ಮಿಮಿಕ್ರಿ ಮಾಡಲಿಲ್ಲ. ಯಾರೋ ಕೇಳಿದ್ದಕ್ಕೆ, ಪಾಪ ಒಳ್ಳೆ ಮನುಷ್ಯ ಬಿಡಿ ಎಂದಳು.

ಅಧಿವೇಶನದ ದಿನ ಅವಳು ರಜೆ ಹಾಕಿ ಹಗಲು ಮನೆಯ ಟೀವಿ ಮುಂದೆ ಕೂತಳು. ಗಾಲಿಕುರ್ಚಿಗಳನ್ನೆಲ್ಲ ಅರ್ಧಚಂದ್ರದ ಹಾಗೆ ತಿರುಗಿಸಿಟ್ಟಿದ್ದರು. ಬೆಳಿಗ್ಗೆಯೆಲ್ಲ ಸದನದಲ್ಲಿ ಯಾರು ಯಾರಿಗೆ ಯಾವತ್ತು ಏನಂದಿದ್ದರು ಎಂಬ ಜಗಳವೇ ಆಯಿತು. ಊಟದ ಹೊತ್ತು ದಾಟಿದ ಮೇಲೆ, ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಕಾಗದ ಹರಿದು ತೂರುತ್ತಿದ್ದ ವಿರೋಧ ಪಕ್ಷದವರ ಗದ್ದಲದ ನಡುವೆ, ಸಭಾಧ್ಯಕ್ಷರು ತಲೆ ಎತ್ತದೆ ಓದಿದರು. ತಿದ್ದುಪಡಿಯ ಪರ ಇರುವವರು ಹೌದು ಎನ್ನಿ. ವಿರುದ್ಧ ಇರುವವರು ಇಲ್ಲ ಎನ್ನಿ. ಹೌದು ಎನ್ನುವವರ ಧ್ವನಿ ಹೆಚ್ಚಿದೆ.

ಆಗ ಕ್ಯಾಮೆರಾ ಯಲ್ಲಯ್ಯನವರ ಸಾಲಿನ ಮೇಲೆ ಹಾದುಹೋಯಿತು. ಅವರು ಮೇಜಿಗೆ ಕೈ ಕೊಟ್ಟು ಏಳುತ್ತಿದ್ದರು. ಯಲ್ಲಯ್ಯ ಅರ್ಧ ಎದ್ದರು, ಮುಂದಿನ ಸಾಲಿನಿಂದ ಯಾರೋ ತಿರುಗಿ ನೋಡಿದರು, ಯಲ್ಲಯ್ಯ ಪಂಚೆ ಸರಿಮಾಡಿಕೊಂಡು ಕೂತರು.

“ಅಂಗೀಕಾರವಾಗಿದೆ, ಅಂಗೀಕಾರವಾಗಿದೆ” ಎಂದರು ಸಭಾಧ್ಯಕ್ಷರು.

ಎದ್ದರಲ್ವಾ, ಎದ್ದಿದ್ದರು ಪಾಪ, ಸಭಾಧ್ಯಕ್ಷರು ಗಮನಿಸಲಿಲ್ಲವೇನೋ ಎಂದು ಯಾರೋ ಅಂದರು. ಇಂದ್ರಾಣಿಗೆ ಆ ಏಳುವಿಕೆ ಚೆನ್ನಾಗಿ ಗೊತ್ತು. ತುಂಬಿದ ಬಸ್ಸಿಗೆ ವಯಸ್ಸಾದವರು ಹತ್ತಿದಾಗ ಸೀಟಿನಲ್ಲಿ ಕೂತ ಕೆಲವರು ಹೀಗೇ ಮಾಡುತ್ತಾರೆ. ಸೊಂಟವನ್ನು ಸ್ವಲ್ಪವೇ ಸ್ವಲ್ಪ ಎತ್ತಿ, ಬೇರೆ ಯಾರಾದರೂ ಎದ್ದಾರೇನೋ ಎಂದು ಆಚೀಚೆ ನೋಡಿ, ಬ್ಯಾಗು ಸರಿ ಮಾಡಿಕೊಳ್ಳಲಿಕ್ಕೇ ಎದ್ದವರಂತೆ ಮತ್ತೆ ಕೂತುಬಿಡುತ್ತಾರೆ. ಕೊಟ್ಟ ಹಾಗೂ ಆಗಬೇಕು, ಸೀಟೂ ಹೋಗಬಾರದು. ದಿನಕ್ಕೆ ಎಷ್ಟು ಜನರದ್ದು ನೋಡಿಲ್ಲ ಅವಳು.

ಆಮೇಲಿನ ದಿನಗಳಲ್ಲಿ ಬಸ್ಸು ಮೌನವಾಗಿ ಓಡಿತು. ಯಾಕಕ್ಕ, ಗಂಟಲು ನೋವಾ ಎಂದು ಕಾಲೇಜು ಹುಡುಗಿಯರು ಕೇಳಿದರು. ಹ್ಞೂ ಅಂದಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಆದೇಶ ಬಂದಿತ್ತು. ಅದರ ಬೆನ್ನಿಗೇ ಸಿಮೆಂಟು, ಜಲ್ಲಿ, ಇಬ್ಬರು ಗಾರೆ ಕೆಲಸದವರೂ ಬಂದರು. ಮುಚ್ಚುವ ಮನೆಗೆ ಇಳಿಜಾರು ಕಟ್ಟಲು. ಟೆಂಡರ್ ಆಗಿಬಿಟ್ಟಿದೆ, ನಿಲ್ಲಿಸಕ್ಕಾಗಲ್ಲ ಎಂದು ಶಾಸಕರ ಪಿಎ ಭೀಮೇಶ್ ವನಿತಾ ಮೇಡಂಗೆ ವಿವರಿಸಿದ. ಅನುದಾನ ಹೋಗಬಹುದು, ಅನಾವರಣ ಹೋಗಬಾರದು.

ಭಾನುವಾರ ಅನಾವರಣ. ಮೆಟ್ಟಿಲುಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇಳಿಜಾರು ಮಾಡಿದ್ದರು. ಗೋಡೆಯಲ್ಲಿ ಕಪ್ಪು ಕಲ್ಲು, ಕಲ್ಲಿನಲ್ಲಿ ಯಲ್ಲಯ್ಯನವರ ಹೆಸರು. ಇಳಿಜಾರಿನ ಕೆಳತುದಿಗೆ ರಿಬ್ಬನ್ ಕಟ್ಟಿ, ಅದರ ಹಿಂದೆ ದೀಪಕ್‌ನ ಕುರ್ಚಿ ನಿಲ್ಲಿಸಿದ್ದರು, ಫೋಟೋಗೆ. ಯಲ್ಲಯ್ಯ ಮೇಲೆ ಬಾಗಿಲಲ್ಲಿ ಶಾಮಿಯಾನದ ಕುರ್ಚಿಯಲ್ಲಿ ಮಂಡಿ ನೀವುತ್ತಾ ಕೂತಿದ್ದರು. ಮೈಕ್ ಕೈಗೆ ಬಂದಾಗಲೂ ಏಳಲಿಲ್ಲ.

ಅವರು ಹೇಳಿದ್ದರ ಸಾರಾಂಶ ಇಷ್ಟು. ಎದ್ದಿದ್ದು ನಿಜ, ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಮಂಡಿ ಸವೆದಿದೆ, ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ. ಕಷ್ಟಪಟ್ಟು ಏಳುವಷ್ಟರಲ್ಲಿ ಅಂಗೀಕಾರ ಆಗಿಹೋಯಿತು. ಕೈ ಕೊಟ್ಟಿದ್ದು ಕಾಲು, ಮನಸ್ಸಲ್ಲ. ನಾನು ಯಾವತ್ತಿದ್ದರೂ ಈ ಮಕ್ಕಳ ಪರ.

“ಹೌದೋ ಅಲ್ವೋ?”

ಜನ, ಅಭ್ಯಾಸಬಲ, ಹೌದು ಎಂದರು. ಇಂದ್ರಾಣಿಯ ನಾಲಿಗೆಯೂ ಅರ್ಧ ಹೊರಳಿತು. ಚಪ್ಪಾಳೆ ಬಿತ್ತು, ನಿಂತಿತು. ಯಲ್ಲಯ್ಯ ಮುಂದಿನ ಮಾತಿಗೆ ಗಂಟಲು ಒದೆಯುತ್ತಿದ್ದಾಗ ಇಳಿಜಾರಿನ ತುದಿಯಿಂದ ದೀಪಕ್‌ನ ಮಾತು ಬಂತು. ಎಲ್ಲರ ಜೊತೆಗೇ ಹೊರಟಿದ್ದು, ದಾರಿಯಲ್ಲಿ ತಡವಾಗಿ ಈಗ ತಲುಪಿತ್ತು.

“ಅಲ್ಲ.”

ಯಾರ ಗದ್ದಲವೂ ಅದರ ಮೇಲೆ ಬೀಳಲಿಲ್ಲ. ಹಿಂದಿನ ಸಾಲಿನವರಿಗೂ ಕೇಳಿಸಿತು.

ಮಗು ಖುಷೀಲಿ ಏನೋ ಹೇಳ್ತಿದೆ ಎಂದರು ಯಲ್ಲಯ್ಯ ಮೈಕಿನಲ್ಲಿ. ಇಂದ್ರಾಣಿ ಎದ್ದಳು. ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ, ಬಾಯಿ ಮಾತ್ರ ತನ್ನ ಹಳೇ ಕೆಲಸಕ್ಕೆ ಹೋಯಿತು. ಮೊದಲು ಸಭಾಧ್ಯಕ್ಷರಾದಳು, ತಲೆ ಬಗ್ಗಿಸಿ, ಮೂಗಿನಲ್ಲೇ ಹೌದು ಇಲ್ಲ ಓದಿದಳು. ಆಮೇಲೆ ಯಲ್ಲಯ್ಯನಾಗಿ ಸೊಂಟ ಎತ್ತಿದಳು, ಕತ್ತು ಆಚೀಚೆ ಮಾಡಿದಳು, ಇಲ್ಲದ ಪಂಚೆ ಸರಿಮಾಡಿಕೊಂಡು ಗಾಳಿಯಲ್ಲೇ ಕೂತಳು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಲ್ಲಯ್ಯ.

“ಸಖತ್ತಾಗಿ ಮಾಡ್ತೀಯಲ್ಲಮ್ಮ. ಭೀಮೇಶಾ, ಈ ತಾಯಿ ನಂಬರ್ ತಗೊಳೋ. ಮುಂದಿನ ಎಲೆಕ್ಷನ್‌ಗೆ ನಮ್ ಸ್ಟೇಜ್ ಮೇಲೆ ಇರ್ಲಿ.”

ಭೀಮೇಶ್ ಆಗಲೇ ಫೋನ್ ತೆಗೆದಿದ್ದ. ಇಂದ್ರಾಣಿಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅವಳು ಬಸ್ಸಿನಲ್ಲಿ ಮಾಡಿದ್ದು ಇದನ್ನೇ ಏನು? ಜನರ ಸಿಟ್ಟನ್ನೆಲ್ಲ ನಗಿಸಿ ನಗಿಸಿ ಖಾಲಿ ಮಾಡಿ, ಹಗುರವಾಗಿ ಅವರವರ ಸ್ಟಾಪಿನಲ್ಲಿ ಇಳಿಸಿದ್ದು? ಯಲ್ಲಯ್ಯನಿಗೆ ಇವಳು ಮಾಡಿಕೊಟ್ಟಷ್ಟು ಉಪಕಾರ ಆ ಭೀಮೇಶನೂ ಮಾಡಿರಲಿಕ್ಕಿಲ್ಲ. ಅವಳು ನಗು ಪೂರ್ತಿ ನಿಲ್ಲುವವರೆಗೆ ಕಾದಳು. ಮಾತಾಡಿದಾಗ ಅದು ಯಾರ ಧ್ವನಿಯೂ ಆಗಿರಲಿಲ್ಲ. ಮುನಿಯಕ್ಕ ಕೂಡ ಯಾರದಿದು ಎಂದು ಒಳಗಿನಿಂದ ಸೌಟು ಹಿಡಿದು ಇಣುಕಿದಳು.

“ಸಾರ್, ಇಲ್ಲಿರೋ ಒಬ್ಬರಿಗೂ ಎದ್ದು ನಿಲ್ಲಕ್ಕಾಗಲ್ಲ. ಅದಕ್ಕೇ ನಿಮ್ಮನ್ನ ಕಳಿಸಿದ್ವಿ.”

ಆಯ್ತಮ್ಮ, ಆಮೇಲೆ ಕೂತು ಮಾತಾಡೋಣ ಎಂದರು ಯಲ್ಲಯ್ಯ. ಅವಳು ಕೂರಲಿಲ್ಲ. ಈ ತಿಂಗಳು ಮುಗಿದ ಮೇಲೆ ಮಗನನ್ನು ಒಳಗಿಟ್ಟು ಬೀಗ ಹಾಕಿ ಡ್ಯೂಟಿಗೆ ಹೋಗಬೇಕು, ಅವನು ಕೂಗಿದರೆ ಕೇಳುವವರಿಲ್ಲ, ಬೆಂಕಿ ಬಿದ್ದರೆ ಬಾಗಿಲವರೆಗೂ ಬರಲಾರ, ಇದಕ್ಕೆ ನೀವು ಕೂತಲ್ಲೇ ಹೌದು ಅಂದಿರಿ ಎಂದು ಒಂದೊಂದಾಗಿ ಹೇಳಿದಳು. ಕಲ್ಲಿನ ಮೇಲಿರುವ ಹೆಸರನ್ನು ಆ ಬೀಗದ ಮೇಲೂ ಕೆತ್ತಿಸಿಕೊಡಿ ಎಂದಳು.

ರಿಬ್ಬನ್ ಮಾತು ಯಾರಿಗೂ ನೆನಪಾಗಲಿಲ್ಲ. ಭೀಮೇಶ್ ಸಾಹೇಬರ ಕಿವಿಯಲ್ಲಿ ಕಾರು ರೆಡಿ ಎಂದ. ಇಳಿಜಾರಿನ ಕಡೆಯಿಂದ ಇಳಿಸೋಣವೆಂದು ದೀಪಕ್‌ನ ಕುರ್ಚಿ ಸರಿಸಲು ಹೋದ. ಕುರ್ಚಿ ಅಲ್ಲಾಡಲಿಲ್ಲ. ದೀಪಕ್ ಬಲಗೈಯಲ್ಲಿ ಬ್ರೇಕಿನ ಕಡ್ಡಿ ಒತ್ತಿ ಹಿಡಿದು, ಕೇರಂನಲ್ಲಿ ಮೋಸ ಮಾಡುವಾಗಿನ ಮುಖ ಮಾಡಿಕೊಂಡು ಕೂತಿದ್ದ. ವನಿತಾ ಮೇಡಂ, ಸರ್ಕಾರಿ ಕೆಲಸದ ವನಿತಾ ಮೇಡಂ, ಬೇರೆಲ್ಲೋ ನೋಡುತ್ತಾ ಇನ್ನೊಂದು ಕುರ್ಚಿ ತಳ್ಳಿಕೊಂಡು ಬಂದು ಅವನ ಹಿಂದೆ ನಿಲ್ಲಿಸಿದರು. ಅದರ ಹಿಂದೆ ಮತ್ತೊಂದು ಬಂತು. ಇಳಿಜಾರು ತುಂಬಿತು.

ಯಲ್ಲಯ್ಯ ಆ ಕಡೆ ನೋಡಿದರು, ಗುಂಪಿನ ಕಡೆ ನೋಡಿದರು. ಯಾರೋ ವೀಡಿಯೋ ಮಾಡುತ್ತಿದ್ದರು. ಮರುಕ್ಷಣ ಕುರ್ಚಿಯಿಂದ ಪೂರ್ತಿ ಎದ್ದು, ಪಂಚೆ ಎತ್ತಿ ಕಟ್ಟಿ, ಮೆಟ್ಟಿಲುಗಳನ್ನು ಧಡಧಡ ಇಳಿದು, ಕೊನೆಯದನ್ನು ಹಾರಿಯೇ ದಾಟಿ, ಕಾರಿನ ಬಾಗಿಲು ತಾವೇ ತೆಗೆದುಕೊಂಡು ಒಳಗೆ ಕೂತರು. ಆಕ್ಷೇಪ ಮಂಡಿಸುವ ಕಡೆ ಹಿಡಿದುಕೊಂಡಿದ್ದ ಮಂಡಿ ಓಡಿಹೋಗುವ ಕಡೆ ಚೆನ್ನಾಗಿಯೇ ಇತ್ತು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ನೋಡಿದರು, ಅಷ್ಟೇ.

ಭೀಮೇಶ್ ಮಾತ್ರ ಹಿಂದೆ ಉಳಿದು, ಕೋಪದಲ್ಲಿ, ತಿಂಗಳ ಕೊನೆಗೆ ಇಲಾಖೆಯವರು ಬರ್ತಾರೆ, ಬೀಗದ ಕೈ ಕೊಟ್ಟುಬಿಡಬೇಕು, ತಕರಾರು ಮಾಡಿದ್ರೆ ಪೊಲೀಸರು ಬರ್ತಾರೆ ಎಂದ. ಇಂದ್ರಾಣಿ ಮುನಿಯಕ್ಕನ ಕಡೆ ಕೈ ಚಾಚಿದಳು. ಮುನಿಯಕ್ಕ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟಳು. ಇಂದ್ರಾಣಿ ಅದನ್ನು ತನ್ನ ಕಂಡಕ್ಟರ್ ಬ್ಯಾಗಿಗೆ, ಚಿಲ್ಲರೆಯ ಖಾನೆಗೆ ಹಾಕಿ ಜಿಪ್ ಎಳೆದಳು.

“ಬನಶಂಕರಿಯಿಂದ ಮಾರ್ಕೆಟ್ಟು, ದಿನಾ ಇರ್ತೀನಿ. ಬೇಕಾದೋರು ಬಸ್ ಹತ್ತಿ ಕೇಳ್ಲಿ.”

ಮುನಿಯಕ್ಕ ಒಳಗೆ ಹೋಗಿ, ನಾಳೆಗೆ ಎಷ್ಟು ಜನಕ್ಕೆ ಅಕ್ಕಿ ನೆನೆಹಾಕಲಿ ಎಂದು ಕೂಗಿ ಕೇಳಿದಳು. ಎಲ್ಲರಿಗೂ ಎಂದಳು ಇಂದ್ರಾಣಿ. ಆಮೇಲೆ ಬಗ್ಗಿ, ಮಗನ ಬಿಗಿ ಹಿಡಿದ ಬೆರಳುಗಳನ್ನು ಬ್ರೇಕಿನಿಂದ ಬಿಡಿಸಲು ನೋಡಿದಳು. ಅವನು ಬಿಡಲಿಲ್ಲ.